ಹದಿನೇಳು ಸಲದ ಸರ್ವಾನುಮತ

ಭಾನುವಾರ ಮಧ್ಯಾಹ್ನ ಥೆಲ್ಮಾ ಗಂಡನಿಗೆ ಸೂಪು ಕುಡಿಸಿ, ಬಾಯಿ ಒರೆಸಿ, ಸಭೆಯ ನಡಾವಳಿ ಪುಸ್ತಕವನ್ನು ಬಗಲಲ್ಲಿ ಇರುಕಿಕೊಂಡು ವಾರ್ಷಿಕ ಸಭೆಗೆ ಹೊರಟಳು. ಪಾರ್ಶ್ವವಾಯು ಬಡಿದ ಮೇಲೆ ಕ್ಲ್ಯಾರಿಯ ಮಾತು ತೊದಲು. ಆದರೂ ಕೋಲೂರಿಕೊಂಡು ಬಾಗಿಲ ತನಕ ಬಂದು, "ಈ ಸಲ... ಸಮುದ್ರ," ಎಂದ.

"ಹೋಗೇ ಹೋಗ್ತೀವಿ ಕಣೋ."

ಅವನು ಕಡಲತೀರದಲ್ಲಿ ಹುಟ್ಟಿದವನು. ಹದಿನೇಳು ವರ್ಷದಿಂದ ಕಡಲು ಕಂಡಿಲ್ಲ. ಅಷ್ಟೇ ವರ್ಷದಿಂದ ಥೆಲ್ಮಾ, ವಿರ್ರಬಿಲ್ಲಾ ಎಂಬ ಈ ಒಳನಾಡಿನ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಕಾರ್ಯದರ್ಶಿ. ಬೆಂಕಿಯ ಸುದ್ದಿ ಬರುವುದು ಅವಳ ಮನೆಯ ಫೋನಿಗೇ; ಅಲ್ಲಿ ಬೇಸಿಗೆಯೆಂದರೆ ಡಿಸೆಂಬರಿನಿಂದ ಮಾರ್ಚಿನವರೆಗೆ, ಕಾಡ್ಗಿಚ್ಚಿನ ಆ ಕಾಲದಲ್ಲಿ ಅದನ್ನು ಬಿಟ್ಟು ಕದಲುವ ಹಾಗಿಲ್ಲ. ಮಿಕ್ಕ ತಿಂಗಳು ಗೋಧಿ, ಕುರಿಗಳ ಕೆಲಸ. ಇದು ಕ್ಲ್ಯಾರಿಯ ಕೊನೆಯ ಬೇಸಿಗೆ ಇರಬಹುದೆಂದು ಡಾಕ್ಟರು ಮೊನ್ನೆ ಅವಳೊಬ್ಬಳನ್ನೇ ಕರೆದು ಹೇಳಿದ್ದರು.

ವಿರ್ರಬಿಲ್ಲಾದ ಜನ ಕೆಟ್ಟವರೇನಲ್ಲ. ಹೊಗೆ ಕಂಡರೆ ಊಟ ಬಿಟ್ಟು ಓಡುತ್ತಾರೆ. ಆದರೆ ವಾರ್ಷಿಕ ಸಭೆಯಲ್ಲಿ ಹುದ್ದೆಗೆ ಹೆಸರು ಕೊಡಿ ಎಂದರೆ ಎಲ್ಲರ ಕಣ್ಣೂ ಅವರವರ ಬೂಟಿನ ಮೇಲೆ! ಬಾಯಿ ಬಿಟ್ಟರೆ ತಮ್ಮ ತಲೆಗೇ ಕಟ್ಟುತ್ತಾರೆಂಬ ಭಯ. ಬಾರದವರ ಗತಿ ಇನ್ನೂ ಚಂದ. ಹೋದ ವರ್ಷ ಕ್ಲ್ಯಾರಿ ಆಸ್ಪತ್ರೆಯಲ್ಲಿದ್ದನೆಂದು ಥೆಲ್ಮಾ ಸಭೆಗೆ ಹೋಗಿರಲಿಲ್ಲ. ನಗುನಗುತ್ತಾ ಅವಳನ್ನೇ ಆರಿಸಿ, ನಡಾವಳಿಯನ್ನೂ ಅವಳೇ ಬರೆಯಲೆಂದು ಪುಸ್ತಕವನ್ನೂ ಉಳಿದ ಕೇಕನ್ನೂ ಆಸ್ಪತ್ರೆಗೇ ತಂದುಕೊಟ್ಟರು. ಇದಕ್ಕೆ ಅಭಿಮಾನ ಎನ್ನುತ್ತಾರಂತೆ. ನೆನೆದರೆ ಈ ಕತೆ ಹೇಳುವ ನನಗಂತೂ ಮೈ ಉರಿಯುತ್ತದೆ.

ಈ ಸಲವೂ ಸಭೆ ಶುರುವಾಗುತ್ತಲೇ ಅಧ್ಯಕ್ಷ ಡೆಸ್ ಹಾಸ್ಕಿನ್ ವಾಡಿಕೆಯಂತೆ ಎಲ್ಲ ಹುದ್ದೆಗಳೂ ಖಾಲಿ ಎಂದು ಸಾರಿದ. "ಕಾರ್ಯದರ್ಶಿ? ಇದ್ದಾಳಲ್ಲ ನಮ್ಮ ಥೆಲ್ಮಾ! ಟೀ ಆರೋಗುತ್ತೆ, ಬೇಗ ಮುಗಿಸೋಣ."

"ನನ್ ಕೈಲಾಗಲ್ಲ ಡೆಸ್. ಕ್ಲ್ಯಾರಿನ ಸಮುದ್ರಕ್ಕೆ ಕರ್ಕೊಂಡು ಹೋಗ್ಬೇಕು."

"ಪ್ರತಿ ವರ್ಷ ಇದೇ ರಾಗ ನಿಂದು! ನೀನಿಲ್ದಿದ್ರೆ ದಳ ಮುಚ್ಚಬೇಕಷ್ಟೆ. ಬೇರೆ ಯಾರಾದ್ರೂ ಇದ್ದೀರೇನ್ರಪ್ಪಾ?"

ಎಲ್ಲರೂ ಬೂಟು ನೋಡಿಕೊಂಡರು. ಟೀ ಪಾತ್ರೆಯ ಪಕ್ಕದಿಂದ ಮುದುಕಿ ಗ್ವೆನ್, "ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ, ಈಗ್ಯಾಕಮ್ಮ ತಕರಾರು?" ಎಂದಳು.

"ಒಪ್ಪಿಗೆ ಇರೋರು?"

ಇಪ್ಪತ್ತೆರಡು ಕೈಗಳು ಸರಸರ ಎದ್ದವು.

"ಸರ್ವಾನು..."

"ವಿರೋಧ ಯಾರು ಅಂತ ಕೇಳಪ್ಪ ಡೆಸ್. ಹದಿನೇಳು ವರ್ಷದಿಂದ ನೀನು ಕೇಳೇ ಇಲ್ಲ," ಎಂದು ಥೆಲ್ಮಾ ತಡೆದಳು.

ಡೆಸ್ ನಕ್ಕ. "ಆಯ್ತು ಮಾರಾಯ್ತಿ. ವಿರೋಧ?"

ಥೆಲ್ಮಾ ಎದ್ದುನಿಂತು ಕೈ ಎತ್ತಿದಳು.

"ನಾನೂ ಸದಸ್ಯೆ, ನಂಗೂ ಒಂದು ಓಟಿದೆ. ಸರ್ವಾನುಮತ ಅಂತ ಹದಿನೇಳು ಸಲ ಈ ಕೈಯಾರೆ ಸುಳ್ಳು ಬರೆದೆ. ಅದ್ರಲ್ಲಿ ನನ್ನ ಮತ ಇರ್ಲಿಲ್ಲ. ನೀವು ಕೈ ಎತ್ತೋದು ಕೆಲಸ ಮಾಡೋಕಲ್ಲ, ನನ್ನ ಮೇಲೆ ಹೊರಿಸೋಕೆ. ವರ್ಷಕ್ಕೊಬ್ರು ಹೊತ್ತಿದ್ರೆ ಹದಿನೇಳು ಜನ ಕಲೀತಿದ್ರು. ನನ್ನ ಗಂಡ ಹದಿನೇಳು ಸಲ ಸಮುದ್ರ ನೋಡ್ತಿದ್ದ."

ಅವಳು ಪುಸ್ತಕ, ಪೆನ್ನು ಎರಡನ್ನೂ ಡೆಸ್‌ನ ಮುಂದಿಟ್ಟಳು. "ಬರ್ಕೊ. ಪರ ಇಪ್ಪತ್ತೆರಡು, ವಿರೋಧ ಒಂದು. ಆರಿಸಿದೋಳು ಒಪ್ಪಲಿಲ್ಲ."

ಡೆಸ್ ಪೆನ್ನು ಮುಟ್ಟಲಿಲ್ಲ. ಥೆಲ್ಮಾ ಹೊಸಿಲು ದಾಟುವಾಗ ಬೆನ್ನ ಹಿಂದೆ ಗ್ವೆನ್‌ಳ ಗದರಿಕೆ ಕೇಳಿಸಿತು: "ಇತ್ಲಾಗೆ ಕೊಡೋ ಪೆನ್ನು. ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ. ಈ ಬೇಸಿಗೆ ಫೋನು ನಮ್ಮನೇಲಿರ್ಲಿ."

ಮನೆಯಲ್ಲಿ ಕ್ಲ್ಯಾರಿ ಒಂದೇ ಕೈಯಲ್ಲಿ ಹೇಗೋ ಬೂಟು ಹಾಕಿಕೊಂಡು ಕಾದು ಕೂತಿದ್ದ.