ಕಳಿಸು, ಅಳಿಸು

ಮಹಾದೇವಕ್ಕ ಮೊಬೈಲು ಹಿಡಿದು ಕೂತಾಗ ತಾನು ಬಾಯಿ ಬಿಡಬಾರದು, ಕೈ ಚಾಚಬಾರದು ಎಂದು ಶೈಲಾ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ತಾನು ರೂಪಿಸಿದ ಮೊಬೈಲು ತೆರೆಯ ಮೇಲೆ ಜನ ಎಲ್ಲಿ ತಡವರಿಸುತ್ತಾರೆ ಎಂಬುದು ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದರೆ ಮಾತ್ರ ಗೊತ್ತಾಗುತ್ತದೆ. ತೋರಿಸಿಕೊಟ್ಟರೆ ಎಲ್ಲರೂ ಸರಿಯಾಗಿಯೇ ಒತ್ತುತ್ತಾರೆ.

ಗುಡಗೇರಿಯಲ್ಲಿ ಮದುವೆ ಪತ್ರಿಕೆ, ಬ್ಯಾನರು ಮಾಡಿಕೊಡುವುದು ಶೈಲಾಳ ಉದ್ಯೋಗ. ಬಿಡುವಿನಲ್ಲಿ ಅವಳು ಕೈಹಾಕಿದ್ದು ‘ಹಳ್ಳದ ಸುದ್ದಿ’ ಎಂಬ ಆ್ಯಪಿಗೆ. ಅದು ಯಾವ ಕಂಪನಿಯದೂ ಅಲ್ಲ. ಅಣ್ಣಿಗೇರಿಯ ಅಕೀಲ್ ಶುರುಮಾಡಿದ ಮುಕ್ತ ತಂತ್ರಾಂಶ. ಅದರ ಕೋಡು ಎಲ್ಲರ ಮುಂದೆ ತೆರೆದಿಟ್ಟದ್ದು, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮೇಲಿನ ಊರಿನವರು ಹಳ್ಳ ಏರಿದ್ದನ್ನು ಕಂಡು ಸುದ್ದಿ ಹಾಕಿದರೆ ಕೆಳಗಿನ ಊರಿನವರ ಮೊಬೈಲುಗಳು ಒಟ್ಟಿಗೇ ಕೂಗಿಕೊಳ್ಳುತ್ತವೆ. ಕೋಡು ಅಕೀಲನದು, ಕನ್ನಡದ ತೆರೆಗಳು ಶೈಲಾಳವು. ಕೊನೆಯ ತೆರೆಯ ಮೇಲೆ ಅವಳಿಗೆ ವಿಶೇಷ ಪ್ರೀತಿ: ಅಕ್ಕಪಕ್ಕ ಎರಡು ಗುಂಡನೆಯ ಗುಂಡಿ, ಒಂದೇ ಅಳತೆ, ಒಂದೇ ತಿಳಿನೀಲಿ. ಮದುವೆ ಪತ್ರಿಕೆಯ ಅಂಚಿನಷ್ಟು ಅಚ್ಚುಕಟ್ಟು.

ಮಹಾದೇವಕ್ಕನ ಹಿಟ್ಟಿನ ಗಿರಣಿ ಇದ್ದದ್ದು ಕುಬಿಹಾಳದಲ್ಲಿ, ಹಳ್ಳದ ದಂಡೆಗೇ. ಅವತ್ತು ಅವಳ ಕೈಯಲ್ಲಿ ಪರೀಕ್ಷೆಗೆಂದು ಒಂದು ಸುಳ್ಳು ಸುದ್ದಿ ತುಂಬಿಸಿ ನೋಡುವುದೆಂದು ಶೈಲಾ ಬಂದಿದ್ದಳು. ಗಿರಣಿಯ ಮುಂದೆ ಬಿಸಿಲು ಚುರುಗುಟ್ಟುತ್ತಿತ್ತು. ಪಡುವಣಕ್ಕೆ ಮಾತ್ರ ಮೋಡ ಕಪ್ಪಿಟ್ಟಿತ್ತು.

ಮಹಾದೇವಕ್ಕ ಕನ್ನಡಕ ಏರಿಸಿಕೊಂಡವಳು ತಟ್ಟನೆ ತಲೆ ಎತ್ತಿದಳು.

“ತಂಗಿ, ಸಪ್ಪಳ ಕೇಳ್ತೈತೇನು?”

ಇಬ್ಬರೂ ಹೊರಗೆ ಬಂದರು. ಅಷ್ಟೊತ್ತಿನ ತನಕ ಕಾಲು ತೊಯ್ಯುವಷ್ಟೂ ನೀರಿಲ್ಲದ ಹಳ್ಳದಲ್ಲಿ ಕೆಂಪು ನೀರು ಕಸಕಡ್ಡಿಯನ್ನು ಮುಂದೆ ದಬ್ಬಿಕೊಂಡು ಬರುತ್ತಿತ್ತು. ನೋಡನೋಡುತ್ತಿದ್ದಂತೆ ಜಾಲಿಗಿಡದ ಬುಡ ಮುಳುಗಿತು.

“ಮ್ಯಾಲೆ ಭಾಳ ಹೊಡದೈತಿ ಮಳಿ. ಖರೇ ಸುದ್ದೀನ ಹಾಕ್ತೇನಿ ತಡಿ,” ಎಂದು ಮಹಾದೇವಕ್ಕ ಅವಸರದಿಂದ ತುಂಬತೊಡಗಿದಳು. ನೀರಿನ ಮಟ್ಟ ಒತ್ತಿದಳು, ಫೋಟೊ ತೆಗೆದಳು. ಕೊನೆಯ ತೆರೆ ಬಂತು. ಹಿಟ್ಟು ಹತ್ತಿದ ಹೆಬ್ಬೆರಳು ಒಂದು ಗುಂಡಿಯ ಮೇಲೆ ಇಳಿಯಿತು.

“ಹೋತು ನೋಡವಾ.”

ಶೈಲಾಳ ಸೊಂಟದಲ್ಲಿದ್ದ ಮೊಬೈಲು ಕೂಗಬೇಕಿತ್ತು. ಕೂಗಲಿಲ್ಲ. ಅವಳು ಮಹಾದೇವಕ್ಕನ ಕೈಯಲ್ಲಿದ್ದ ಮೊಬೈಲಿಗೆ ಬಗ್ಗಿ ನೋಡಿದಳು. ತೆರೆ ಖಾಲಿಯಾಗಿ ಮೊದಲಿನ ಜಾಗಕ್ಕೆ ಬಂದು ನಿಂತಿತ್ತು. ಕೊನೆಯ ತೆರೆಯಲ್ಲಿ ಇದ್ದದ್ದು ಎಡಗಡೆ ಕಳಿಸು, ಬಲಗಡೆ ಅಳಿಸು. ನಡುವೆ ಒಂದೇ ಅಕ್ಷರದ ಅಂತರ. ಮಹಾದೇವಕ್ಕ ಒತ್ತಿದ್ದು ಅಳಿಸು.

“ಅಕ್ಕಾರ, ಹೋಗಿಲ್ಲರಿ! ಅಳಿಸಿ ಹೋತು!”

“ಅಯ್ಯ ಶಿವನ! ಸಿರಾಜುದ್ದೀನನ ಟ್ರ್ಯಾಕ್ಟರ್ ಇದ ಹೊತ್ತಿಗೆ ಕೆಳಗಿನ ಸೇತುವಿ ದಾಟತೈತಿ. ಕಳೆ ತೆಗೆಯಾಕ ಹೋದ ಹೆಣ್ಣಮಕ್ಕಳೆಲ್ಲಾ ಅದರಾಗ ಅದಾರ!”

ಶೈಲಾ ಮೊಬೈಲು ಕಸಿದುಕೊಂಡಳು. ಇತ್ತ ಮಹಾದೇವಕ್ಕ ಗಿರಣಿಗೆ ಬೀಸಿಸಲು ಬಂದಿದ್ದವರೊಬ್ಬರ ಫೋನಿನಿಂದ ಸಿರಾಜುದ್ದೀನನಿಗೆ ಕರೆ ಹಚ್ಚಿದಳು. ಗಂಟೆ ಹೊಡೆಯುತ್ತಲೇ ಇತ್ತು, ಎತ್ತುವವರಿಲ್ಲ. ಟ್ರ್ಯಾಕ್ಟರಿನ ಸಪ್ಪಳದಲ್ಲಿ ಅವನಿಗೆ ಕೇಳುವುದಾದರೂ ಹೇಗೆ? ಶೈಲಾ ಮತ್ತೆ ಮೊದಲಿನಿಂದ ಮಟ್ಟ ಒತ್ತಿದಳು. ಫೋಟೊ ಇಲ್ಲದೆ ಆ್ಯಪು ಮುಂದೆ ಬಿಡಲಿಲ್ಲ. ಹಾಗೆ ಮಾಡಿದ್ದೂ ಅವಳೇ. ಅವಸರಕ್ಕೆ ಫೋಟೊದಲ್ಲಿ ಬರೀ ಗಿರಣಿಯ ಗೋಡೆ ಬಂತು. ಬರಲಿ ಎಂದು ಮುಂದೆ ಹೋದಳು. ಕೊನೆಯ ತೆರೆಯಲ್ಲಿ, ತಾನೇ ಬರೆದ ಆ ಎರಡು ಶಬ್ದಗಳನ್ನು ಎರಡೆರಡು ಸಲ ಓದಿ, ಕಳಿಸು ಒತ್ತಿದಳು.

ಅವಳ ಸೊಂಟದ ಮೊಬೈಲು ಚೀರಿತು.

ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಹಳ್ಳ ಗಿರಣಿಯ ಕಟ್ಟೆಯ ತನಕ ಏರಿತು. ಕರೆ ಎತ್ತುವವರೇ ಇಲ್ಲ. ಮಹಾದೇವಕ್ಕ ಹಣೆಗೆ ಕೈಹಚ್ಚಿ ಕೂತಿದ್ದಳು.

ಕೊನೆಗೆ ಫೋನು ಬಂದದ್ದು ಕಳೆ ತೆಗೆಯಲು ಹೋಗಿದ್ದ ರುಬಿಯಾಳಿಂದ. ಟ್ರೇಲರಿನಲ್ಲಿದ್ದ ಅವಳ ಬುತ್ತಿಚೀಲದೊಳಗೆ ಮೊಬೈಲು ಚೀರಿದಾಗ ಮುಂದಿನ ಗಾಲಿ ಸೇತುವೆ ಏರಿಬಿಟ್ಟಿತ್ತಂತೆ. ಹೆಂಗಸರು ಬುತ್ತಿಡಬ್ಬಿಗಳಿಂದ ಟ್ರೇಲರಿನ ತಗಡು ಬಡಿದು ಕೂಗಿ ಟ್ರ್ಯಾಕ್ಟರ್ ನಿಲ್ಲಿಸಿ, ಜಿಗಿದು ದಂಡೆಗೆ ಓಡಿದ್ದರು. ಅದನ್ನು ಹಿಂದಕ್ಕೆ ತೆಗೆಯಲು ಹೋದ ಸಿರಾಜುದ್ದೀನ ನೀರು ಗಾಲಿ ಮುಟ್ಟಿದಾಗಲಷ್ಟೇ ಕೆಳಗೆ ಹಾರಿದ್ದ. ಜೀವಕ್ಕೇನೂ ಆಗಿರಲಿಲ್ಲ. ಟ್ರ್ಯಾಕ್ಟರ್ ಮಾತ್ರ ಮಗುಚಿ ಬಿದ್ದಿತ್ತು.

ಸಂಜೆ ಸಿರಾಜುದ್ದೀನ ರಾಡಿ ಹತ್ತಿದ ಬಟ್ಟೆಯಲ್ಲೇ ಗಿರಣಿಗೆ ಬಂದ. ಮೊಣಕೈಗೆ ಬಟ್ಟೆ ಸುತ್ತಿತ್ತು.

“ಅಕ್ಕಾರ, ನೀವು ದಂಡಿಮ್ಯಾಲೆ ಅದೀರಿ ಅಂತ ಧೈರ್ಯ ಮಾಡಿ ದಾಟ್ತೀವಿ ನಾವು. ಒಂದೀಟ ಮದ್ಲ ತಿಳಿಸಾಕ ಏನಾಗಿತ್ತರಿ?”

“ನಂದ ತಪ್ಪಪ್ಪಾ. ಕಣ್ಣು ಮೋಸ ಮಾಡಿದ್ವು.”

ಶೈಲಾ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಣ್ಣಿನ ಮೇಲೆ ಹಾಕಿದ ತಪ್ಪನ್ನು ಯಾರು ಕೆದಕುತ್ತಾರೆ?

“ಅಕ್ಕಾರದ ಅಲ್ಲರಿ, ನಂದು,” ಎಂದಳು. ಮೊಬೈಲು ತೆರೆದು ಅವನೆದುರು ಹಿಡಿದಳು. “ಓದರಿ ಇದನ್ನ.”

ಅವನು ಓದಿದ. ಇನ್ನೊಮ್ಮೆ ಓದಿದ. “ಎರಡೂ ಒಂದ ನಮೂನಿ ಕಾಣ್ತಾವಲ್ಲರಿ!” ಎಂದವನು ಅವಳ ಮುಖ ನೋಡಿದ. “ಹಿಂಗ ಯಾಕ ಮಾಡಿದ್ರಿ?”

“ಚಂದ ಕಾಣ್ಲಿ ಅಂತ.”

ಅವನು ಮೊಣಕೈಯ ಬಟ್ಟೆ ಬಿಗಿಮಾಡಿಕೊಂಡು ಹೊರಟುಹೋದ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಮರುದಿನ ಆ್ಯಪಿನ ಕೆಲಸದ ಪುಟದಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ಶೈಲಾ ನಡೆದದ್ದನ್ನೆಲ್ಲ ತನ್ನ ಹೆಸರು ಹಾಕಿ ಬರೆದಳು. ಅಕೀಲ್ ಕೂಡಲೇ ಫೋನು ಮಾಡಿದ.

“ತಪ್ಪು ತಿದ್ದೂಣು, ಬ್ಯಾಡ ಅಂದಿಲ್ಲ. ಆದ್ರ ಹಿಂಗ ಬಯಲಿಗೆ ಯಾಕ ಬರದಿ? ನಾಕೈದು ಪಂಚಾಯ್ತಿಯವ್ರು ನಮ್ಮ ಆ್ಯಪ್ ತಗೋಬೇಕಂತ ನೋಡಾಕತ್ತಾರ.”

“ಬ್ಯಾರೆ ಹಳ್ಳದ ಮ್ಯಾಲೂ ಇದ ಗುಂಡಿ ಒತ್ತಾಕತ್ತಾರ ಅಕೀಲ್. ಅವರಿಗೆ ಯಾರು ಹೇಳಬೇಕು?”

ಅಕೀಲ್ ಫೋನಿಟ್ಟ. ಸಂಜೆಯೊಳಗೆ ಅದೇ ಬರಹದ ಕೆಳಗೆ ಅವನದೂ ಒಂದು ಸಾಲು ಬಂತು: ಈ ತೆರೆ ನೋಡಿ ಒಪ್ಪಿದವನು ನಾನು, ತಿದ್ದುವ ತನಕ ಯಾರೂ ಹೊಸದಾಗಿ ಹಾಕಿಕೊಳ್ಳಬೇಡಿ. ಪಂಚಾಯಿತಿಯವರಲ್ಲಿ ಇಬ್ಬರು ಹಿಂದೆ ಸರಿದರು.

ಹೊಸ ತೆರೆ ಸಿದ್ಧವಾದಾಗ ಶೈಲಾ ಮತ್ತೆ ಕುಬಿಹಾಳಕ್ಕೆ ಹೋದಳು. ಈಗ ತೆರೆತುಂಬ ಒಂದೇ ದೊಡ್ಡ ಗುಂಡಿ: ಎಲ್ಲಾರಿಗೂ ಹೇಳು. ಫೋಟೊ ಕಡ್ಡಾಯವಿರಲಿಲ್ಲ. ಅಳಿಸಬೇಕೆಂದರೆ ಹಿಂದಿನ ತೆರೆಗೇ ಹೋಗಬೇಕು. ಮಹಾದೇವಕ್ಕ ನೋಡಿದಳು, ಆದರೆ ಬೆರಳು ಗುಂಡಿಯ ಮೇಲೆಯೇ ತಡೆದು ನಿಂತಿತು. ಶೈಲಾ ತುಟಿ ಕಚ್ಚಿಕೊಂಡು ಕಾದಳು.

“ತಂಗಿ, ಇದಕ್ಕ ಹಸರ ಬಣ್ಣ ಯಾಕ ಬಳದಿ? ಹಸರ ಕಂಡ್ರ ‘ಏನೂ ಆಗಿಲ್ಲ, ಹೋಗ್ರಿ’ ಅಂದಂಗ ಆಕೈತಿ.”

ಶೈಲಾ ಹಿಟ್ಟಿನ ಚೀಲವೊಂದನ್ನು ಸರಿಸಿ ಜಾಗ ಮಾಡಿಕೊಂಡು ಲ್ಯಾಪ್‌ಟಾಪು ತೆರೆದಳು.

“ಯಾವ ಬಣ್ಣ ಇದ್ರ ನಿಮಗ ಕೈ ತಡಿಯೂದಿಲ್ಲ, ಹೇಳ್ರಿ ಅಕ್ಕಾರ,” ಎಂದಳು.