ಹೇಳ್ಕೊಂಡು ಅಳುವವಳು

ಅಳೋದು ಯಾರಿಗೆ ತಾನೆ ಬರೋದಿಲ್ಲ ಅನ್ನಬೇಡಿ. ಕಣ್ಣೀರು ಸುರಿಸೋದು ಬೇರೆ, ಹೇಳ್ಕೊಂಡು ಅಳೋದು ಬೇರೆ. ಸತ್ತವರ ಮುಂದೆ ಕೂತು, ಅವರು ಉಂಡದ್ದು, ಉಟ್ಟದ್ದು, ಪಟ್ಟ ಪಾಡು ಎಲ್ಲವನ್ನೂ ರಾಗ ಎಳೆದು ಅವರಿಗೇ ಹೇಳಿ ಕಳಿಸೋದು ಬೇಗೂರು ಕಡೆ ಹೆಂಗಸರ ಕೆಲಸ. ಈಗಿನ ಸೊಸೆಯರಿಗೆ ಅದು ಬರೋದಿಲ್ಲ, ಬಂದರೂ ನಾಚಿಕೆ. ಜಾಹಿದಾಗೆ ಬರುತ್ತಿತ್ತು.

ಕಲಿಸಿದವಳು ಪಕ್ಕದ ಮನೆಯ ಕರಿಬಸಮ್ಮ. ಜಾಹಿದಾಳ ತಾಯಿ ಹಗಲೆಲ್ಲ ಹೊಲಿಗೆ ಮೆಷಿನ್ ಮುಂದೆ ಕೂತಿದ್ದರೆ, ಮಗು ಬೆಳೆದದ್ದು ಲಿಂಗಾಯತರ ಆ ಜಗಲಿಯ ಮೇಲೆ, ಕರಿಬಸಮ್ಮನ ಮಗ ಬಸವಪ್ರಸಾದನ ಜೊತೆ ಕಿತ್ತಾಡಿಕೊಂಡು. ಸಾವಿನ ಮನೆಗೆ ಹೋಗುವಾಗಲೂ ಕರಿಬಸಮ್ಮ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದಳು. ಜಾಹಿದಾಳ ಮನೆಯೊಳಗೆ ಉರ್ದು ಇತ್ತು, ಉಪ್ಪು ಕೇಳೋಕೆ, ಬೈಸಿಕೊಳ್ಳೋಕೆ, ದುವಾ ಮಾಡೋಕೆ. ದುಃಖ ಮಾತ್ರ ಅವಳಿಗೆ ಕನ್ನಡದಲ್ಲೇ ಬಂತು.

"ನಾ ಸತ್ರ ನೀನೇ ಬಂದು ಅಳ್ಬೇಕು ಕಣಮ್ಮಿ," ಎಂದು ಮುದುಕಿ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. "ನನ್ ಸೊಸೆ ಬಾಯ್ಗ ಸೆರಗಿಟ್ಕಂಡು ನಿಂತ್ಕತಾಳ. ಮೂಕರ ಥರ ನನ್ನ ಕಳಿಸ್ಬುಡ್ಬೇಡಿ."

ಜಾಹಿದಾ ಮಾತು ಕೊಟ್ಟಳು. ಆಮೇಲೆ ಮದುವೆಯಾಗಿ ಚಾಮರಾಜನಗರಕ್ಕೆ ಹೋದಳು. ಹೆತ್ತ ತಾಯಿ ತೀರಿಕೊಂಡಾಗ ಮೈಸೂರಿನ ನೆಂಟರೆಲ್ಲ ಸೇರಿದ್ದರು. ಇವಳು ಮೈಯತ್ತಿನ ಪಕ್ಕ ಕೂತು ಬಾಯಿ ತೆರೆದದ್ದೇ ತಡ, ನಾದಿನಿ ಫರಹತ್ ದುಪಟ್ಟಾದ ಚುಂಗು ತಂದು ಬಾಯಿಗೆ ಒತ್ತಿದಳು. ಸತ್ತವರ ಮುಂದೆ ಹೀಗೆ ಅರಚೋದೇ ತಪ್ಪು, ಅದರ ಮೇಲೆ ಹಳ್ಳಿಯವರ ಭಾಷೆ ಬೇರೆ, ನಿನಗೆ ನಮ್ಮದು ಅನ್ನೋದು ಏನೂ ಇಲ್ವಾ ಅಂದಳು. ಅಮ್ಮನಿಗೆ ಹೇಳಬೇಕಾದ ಮಾತೆಲ್ಲ ಜಾಹಿದಾಳ ಗಂಟಲಲ್ಲೇ ಉಳಿಯಿತು.

ಈಗ ಕರಿಬಸಮ್ಮ ಹೋದ ಸುದ್ದಿ ಬಂತು. "ಹೋಗ್ತೀಯಾ ಹೋಗು, ಅಲ್ಲಿ ಬಾಯಿಬಿಟ್ಟು ನಮ್ಮ ಮಾನ ಕಳೀಬೇಡ," ಅಂದಳು ಫರಹತ್. ಜಾಹಿದಾ ಬಸ್ಸು ಹತ್ತಿದಳು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗಲೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಈ ಸಲವಾದರೂ ಹೇಳಿ ಮುಗಿಸಬೇಕು, ಇಬ್ಬರು ತಾಯಂದಿರಿಗೂ ಸೇರಿಸಿ.

ಕರಿಬಸಮ್ಮನನ್ನು ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಸುತ್ತ ಕೂತ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರೇ ಹೊರತು ಯಾರ ಬಾಯಿಂದಲೂ ಮಾತಿಲ್ಲ. ಮುದುಕಿ ಹೆದರಿದ್ದೇ ಆಗಿತ್ತು. ಜಾಹಿದಾ ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ಆ ತಣ್ಣನೆ ಪಾದ ಹಿಡಿದಳು.

"ಸೊಂಟದ್ ಮ್ಯಾಲ ಒತ್ಕಂಡೋದವ್ವಾ, ಇವತ್ ಯಾರ್ ಸೊಂಟದ್ ಮ್ಯಾಲ ಒಂಟೋದ್ಯವ್ವಾ..."

ಹೆಂಗಸರ ಅಳುವಿನ ಕಟ್ಟೆಯೊಡೆಯಿತು. ಹಿಂದಿನ ಬೀದಿಯ ದೊಡ್ಡಮಲ್ಲಮ್ಮ, ಹಲ್ಲಿಲ್ಲದ ಮುದುಕಿ, ಜಾಹಿದಾಳ ಹೆಗಲಿಗೆ ತಲೆ ಆನಿಸಿ ದನಿ ಕೂಡಿಸಿದಳು. ಬೀದಿಯಲ್ಲಿ ನಿಂತ ಗಂಡಸರು ಜಗಲಿಯ ಹತ್ತಿರಕ್ಕೆ ಬಂದರು. ಊರಿನ ಲಿಂಗಾಯತ ಸಂಘದ ಯಜಮಾನರೊಬ್ಬರು, ಯಾರಪ್ಪ ಈ ಸಾಬರ ಹೆಂಗಸು ಅಂತ ಕೇಳಿದರು. ಕೇಳಿದ್ದು ಮೆಚ್ಚಿಯೋ ಹಂಗಿಸಿಯೋ ಶಿವನೇ ಬಲ್ಲ. ಬಸವಪ್ರಸಾದ ಈಗ ಅದೇ ಸಂಘದ ಕಾರ್ಯದರ್ಶಿ, ಹೆಗಲ ಮೇಲೆ ಶಲ್ಯ ಬೇರೆ. ಅವನ ಮುಖ ಕಪ್ಪಿಟ್ಟಿತು.

"ಸಾಕು ಏಳು ಜಾಹಿದಾ," ಅಂದ.

"ಮುಗ್ದಿಲ್ಲ ಬಸ್ವ. ಮಾತು ಕೊಟ್ಟಿವ್ನಿ ಅವ್ವಂಗ."

"ಅವ್ವ ನಮ್ಮವ್ವ. ಹಿಂಗ್ ಅಳೋದು ನಮ್ಮೋರದು. ಅಳ್ಲೇಬೇಕು ಅಂದ್ರ ನಿಮ್ ಭಾಷೇಲಿ ಅಳು, ಯಾರು ಬ್ಯಾಡ ಅಂದರು?"

ಅವಳು ಅವನನ್ನೇ ನೋಡಿದಳು. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವನು. "ನಂಗ ಇನ್ಯಾವ್ ಭಾಷೆ ಅದ ಬಸ್ವ?"

"ಮನೇಲ್ ಮಾತಾಡ್ತೀರಲ್ಲ, ಅದು."

ಎಲ್ಲರೂ ಕಾದರು. ಪಾಪಿಗಳು, ನಿಜವಾಗಿಯೂ ಕಾದರು. ಕೊಟ್ಟ ಮಾತು ದೊಡ್ಡದು, ಯಾವ ಭಾಷೆಯಾದರೇನು ಅಂತ ಜಾಹಿದಾ ಬಾಯಿ ತೆರೆದಳು. "ಅಮ್ಮೀ," ಅಂದಳು. ಮುಂದಕ್ಕೆ ಬರಲಿಲ್ಲ. ಉಪ್ಪು ಕೇಳೋ ಮಾತು ಬಂತು, ಬೈಗುಳ ಬಂತು, ಸತ್ತವಳಿಗೆ ಹೇಳೋ ಒಂದೇ ಒಂದು ಮಾತು ಬರಲಿಲ್ಲ. ಇನ್ನೊಂದು ಸಲ "ಅಮ್ಮೀ" ಅಂದಳು. ಹಿಂದೆ ನಿಂತ ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು. ಬಸವಪ್ರಸಾದನ ಹೆಂಡತಿ ರೂಪಶ್ರೀ ಒಳಗಿಂದ ಸ್ಪೀಕರ್ ತಂದಿಟ್ಟು ಭಜನೆ ಹಾಕಿದಳು. ಆ ಗದ್ದಲದಲ್ಲೇ ಕರಿಬಸಮ್ಮನನ್ನು ಹೊಲಕ್ಕೆ ಹೊತ್ತುಕೊಂಡು ಹೋದರು.

ಜಾಹಿದಾ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಫರಹತಳ ಫೋನು. ಅಲ್ಲಿ ಬಾಯಿಬಿಟ್ಟು ಅತ್ಯಾ? ಇಲ್ಲ ಅಂದಳು ಇವಳು. ಒಳ್ಳೇದಾಯ್ತು, ಮಾನ ಉಳಿಸಿದೆ, ಬೇಗ ಬಾ.

ಫೋನು ಇಡುವಷ್ಟರಲ್ಲಿ ದೊಡ್ಡಮಲ್ಲಮ್ಮ ಕೋಲೂರಿಕೊಂಡು ಏದುಸಿರು ಬಿಡುತ್ತ ಬಂದು ಅವಳ ಕೈ ಹಿಡಿದಳು. "ಅವ್ನ್ ಮಾತ್ ಬುಡು ಕಣಮ್ಮಿ. ನಂಗೂ ಯಾರೂ ಇಲ್ಲ. ನಾ ಸತ್ರ ಬಂದು ಅಳ್ತೀಯಾ?"

ಜಾಹಿದಾ ಕೈ ಬಿಡಿಸಿಕೊಂಡಳು. ಹುಟ್ಟಿ ಬೆಳೆದ ಆ ಊರಿನವರ ಜೊತೆ ಅವಳು ಎಂದೂ ಆಡದ ಉರ್ದುವಿನಲ್ಲಿ, ನಿಧಾನವಾಗಿ, ನನಗೆ ನಿಮ್ಮ ಭಾಷೆ ಬರೋದಿಲ್ಲ ಅಂದಳು.

"ಏನಂದೆ ಕಣಮ್ಮಿ?" ಮುದುಕಿ ಕಿವಿಗೆ ಕೈ ಆನಿಸಿ ಹತ್ತಿರ ಬಂದಳು. "ಬತ್ತೀನಿ ಅಂದ್ಯಾ?"

ಗುಂಡ್ಲುಪೇಟೆ ಬಸ್ಸು ಬಂತು. ಜಾಹಿದಾ ಮುಸುಕು ಇಳಿಸಿಕೊಂಡು ಹತ್ತಿದಳು.