ಒದ್ದೆ ಉಣ್ಣೆಯ ತೂಕ

ಸೋಮವಾರದಿಂದ ವಿಜ್ಞಾನ ಪತ್ರಿಕೆಯ ಹಳೆಯ ಸಂಚಿಕೆಗಳೂ ಚಂದಾ ಇಲ್ಲದೆ ಯಾರಿಗಾದರೂ ಓದಲು ಸಿಗುತ್ತವೆ ಎಂದು ತಿಳಿದಂದಿನಿಂದ ಪಶುವೈದ್ಯನಿಗೆ ಊಟ ಸೇರುತ್ತಿರಲಿಲ್ಲ. ಯಾವ ವಯಸ್ಸಿನ ಕುರಿಮರಿಗೆ ಎಷ್ಟು ಜಂತಿನ ಔಷಧ ಎಂದು ಅವನು ಹಿಂದೆ ಅದರಲ್ಲಿ ಪಟ್ಟಿ ಕೊಟ್ಟಿದ್ದ. ಮರಿಗಳ ಮೈ ತೊಳೆಸಿ, ಉಣ್ಣೆ ಒಣಗುವ ಮೊದಲೇ ತೂಗಿದ್ದರಿಂದ ತೂಕವೂ ಹೆಚ್ಚಾಗಿ, ಅದರಂತೆ ಲೆಕ್ಕ ಹಾಕಿದ ಔಷಧವೂ ಹೆಚ್ಚಾಗಿತ್ತು.

“ಅಣ್ಣಾ, ಆ ಪಟ್ಟಿ ಇರೋ ಸಂಚಿಕೆಯೊಂದನ್ನ ಬಿಟ್ಬಿಡು, ಕೈ ಮುಗೀತೀನಿ,” ಎಂದು ಪತ್ರಿಕೆಯ ಸಂಪಾದಕನಾಗಿದ್ದ ಅಣ್ಣನೆದುರು ತಪ್ಪನ್ನೆಲ್ಲ ಹೇಳಿಕೊಂಡು ನಿಂತ.

“ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೋ!”

“ಚಂದಾ ಕಟ್ಟಿ ಯಾರು ಓದ್ತಾರೆ ಅಂದ್ಕೊಂಡೆ.”

“ಓದಿದೋರು ಈಗ್ಲೂ ಕುಡಿಸ್ತಿರಬಹುದು. ತಪ್ಪಾಯ್ತು ಅಂತ ಬರ್ಕೊಡು, ಪಟ್ಟಿ ಮೇಲೇ ಹಾಕ್ತೀನಿ.”

“ಕೆಲಸ ಹೋಗುತ್ತಣ್ಣಾ.”

ಅಣ್ಣ ಹಾಳೆಯನ್ನು ಮುಂದೆ ತಳ್ಳಿದ. ‘ಈ ಪಟ್ಟಿಯಂತೆ ಮರಿಗಳಿಗೆ ಔಷಧ ಕುಡಿಸಬೇಡಿ’ ಎಂದು ಬರೆದ ಪಶುವೈದ್ಯ, ಬಿಕ್ಕುತ್ತಲೇ ಕೆಳಗೆ ರುಜು ಹಾಕಿದ.